ಮನೆ ಕಂಪ್ಯೂಟರ್ ಬ್ಯಾಕಪ್: ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದ ಮೇಲೆ ಏನೇನು ಮಾಡಬೇಕು

"ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗೊಂಡಿದ್ದೀನಿ, ಈಗ ಏನು ಮಾಡಲಿ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಲೇ ಇದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಯಿತು, ಹಾಗಾಗಿ ಎಲ್ಲವನ್ನೂ ಇಲ್ಲೇ ಹಾಕಿಬಿಡುತ್ತೇನೆ. ಇದು ವಿಂಡೋಸ್ 10 ಅಥವಾ 11 ಇರುವವರಿಗೆ. ಮ್ಯಾಕ್ ಮತ್ತು ಲಿನಕ್ಸ್ ಬಳಸುವವರಿಗೆ ಕೊನೆಯ ಹತ್ತಿರ ಸ್ವಲ್ಪ ಇದೆ.

ಮೊದಲು ಎರಡು ತಪ್ಪು ಕಲ್ಪನೆ ತೆಗೆದು ಹಾಕೋಣ, ಯಾಕೆಂದರೆ ಫೋಟೋ ಕಳೆದುಕೊಂಡವರಲ್ಲಿ ಬಹಳಷ್ಟು ಜನ ಎಡವಿರುವುದು ಇಲ್ಲೇ.

ಕಂಪ್ಯೂಟರ್‌ನಲ್ಲಿ ಜಾಗ ಸಾಲದೆ ಮದುವೆ ಫೋಟೋ, ಮಗುವಿನ ನಾಮಕರಣದ ವಿಡಿಯೋ ಎಲ್ಲವನ್ನೂ ಎಕ್ಸ್‌ಟರ್ನಲ್‌ಗೆ ಹಾಕಿ ಇಲ್ಲಿಂದ ಅಳಿಸಿದಿರಾ? ಹಾಗಾದರೆ ನೀವು ಬ್ಯಾಕಪ್ ಮಾಡಿಲ್ಲ, ಸಾಮಾನು ಬೇರೆ ಮನೆಗೆ ಸಾಗಿಸಿದ್ದೀರಿ ಅಷ್ಟೇ. ಈಗಲೂ ಇರುವುದು ಒಂದೇ ಪ್ರತಿ, ಅದೂ ಕೈಜಾರಿ ಬೀಳುವಂಥ ಡಬ್ಬಿಯಲ್ಲಿ. ಒಂದೇ ಫೈಲ್ ಎರಡು ಬೇರೆ ಡಿಸ್ಕ್‌ಗಳಲ್ಲಿ ಇದ್ದರೆ ಮಾತ್ರ ಅದಕ್ಕೆ ಬ್ಯಾಕಪ್ ಅನ್ನಬಹುದು.

ಇನ್ನೊಂದು, ಡಿ ಡ್ರೈವ್. ಕಂಪ್ಯೂಟರ್ ಜೋಡಿಸಿ ಕೊಡುವವರು ಒಂದೇ ಡಿಸ್ಕನ್ನು ಸಿ, ಡಿ, ಇ ಅಂತ ಭಾಗ ಮಾಡಿ ಕೊಡುವುದು ನಮ್ಮಲ್ಲಿ ರೂಢಿ. ಇದಕ್ಕೆ ಪಾರ್ಟಿಷನ್ ಅಂತಾರೆ, ಒಂದೇ ಮನೆಯ ನಡುವೆ ಗೋಡೆ ಎಬ್ಬಿಸಿದ ಹಾಗೆ. ವಿಂಡೋಸ್ ಕೆಟ್ಟು ಸಿ ಡ್ರೈವ್ ಮಾತ್ರ ಅಳಿಸಿದರೆ ಡಿ ಉಳಿಯುತ್ತದೆ, ನಿಜ. ಆದರೆ ಡಿಸ್ಕೇ ಹೋದರೆ ಮನೆ ಪೂರ್ತಿ ಬಿದ್ದಂತೆ. ನಿಮ್ಮದು ಒಂದೇ ಡಿಸ್ಕೋ ಎರಡೋ ಅಂತ ನೋಡಬೇಕಾದರೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಭಾಗಕ್ಕೆ ಹೋಗಿ. ಅಲ್ಲಿ "ಡಿಸ್ಕ್ 0" ಎಂಬ ಒಂದೇ ಸಾಲಿನ ಪಕ್ಕ ಸಿ ಮತ್ತು ಡಿ ಎರಡೂ ಇದ್ದರೆ, ಎರಡೂ ಒಂದೇ ಡಿಸ್ಕ್‌ನಲ್ಲಿವೆ.

ಯಾವ ಡಿಸ್ಕ್ ತಗೊಳ್ಳಬೇಕು

ನಿಮ್ಮ ಹತ್ತಿರ ಈಗ ಎಷ್ಟು ಡೇಟಾ ಇದೆಯೋ ಅದರ ಎರಡರಷ್ಟಾದರೂ ಜಾಗ ಇರುವಂಥದ್ದು. 1 ಟಿಬಿ ಅಂತ ಡಬ್ಬಿಯ ಮೇಲೆ ಬರೆದಿದ್ದರೂ ವಿಂಡೋಸ್‌ನಲ್ಲಿ 931 ಜಿಬಿ ಅಂತಲೇ ಕಾಣುತ್ತದೆ. ಅಂಗಡಿಯವರು ಮೋಸ ಮಾಡಿದರು ಅಂದುಕೊಳ್ಳಬೇಡಿ. ಕಂಪನಿಯವರು 1000ದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ವ್ಯತ್ಯಾಸ ಅಷ್ಟೇ.

ನಿಜವಾದ ಮೋಸ ಬೇರೆ ಇದೆ. ಆನ್‌ಲೈನ್‌ನಲ್ಲಿ ಒಂದೆರಡು ಸಾವಿರ ರೂಪಾಯಿಗೆ "16 ಟಿಬಿ" ಅಂತ ಚಿಕ್ಕ ಡಿಸ್ಕ್ ಮಾರುತ್ತಿರುತ್ತಾರೆ. ಒಳಗೆ ಇರುವುದು ಚಿಕ್ಕ ಮೆಮೊರಿ ಚಿಪ್, ಕಂಪ್ಯೂಟರ್‌ಗೆ ಮಾತ್ರ 16 ಟಿಬಿ ಅಂತ ಸುಳ್ಳು ಹೇಳುವ ಹಾಗೆ ಮಾಡಿರುತ್ತಾರೆ. ಫೈಲ್ ಹಾಕುವಾಗ ಎಲ್ಲ ಸರಿಯಾಗೇ ಕಾಣುತ್ತದೆ, ತೆರೆಯಲು ಹೋದಾಗ ಫೈಲ್ ಖಾಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತಗೊಳ್ಳಿ, ನಿಮ್ಮೂರಿನ ಅಂಗಡಿಯಲ್ಲಿ ತಗೊಳ್ಳಿ, ಹೆಸರಿರುವ ಕಂಪನಿಯದ್ದು ಬಿಲ್ ಸಮೇತ ತಗೊಳ್ಳಿ. ವಾರಂಟಿ ಇದ್ದರೆ ಹೊಸ ಡಿಸ್ಕ್ ಕೊಡುತ್ತಾರೆ. ಒಳಗಿದ್ದ ಫೋಟೋಗಳಿಗೆ ವಾರಂಟಿ ಇಲ್ಲ.

ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದೆ ಚಿಪ್‌ನಲ್ಲೇ ಡೇಟಾ ಇಡುವ ಡಿಸ್ಕ್, ತಗೊಳ್ಳಲಾ ಅಂತಲೂ ಕೇಳುತ್ತಾರೆ. ವೇಗ ಜಾಸ್ತಿ, ಬಿದ್ದರೂ ಸುಲಭಕ್ಕೆ ಕೆಡುವುದಿಲ್ಲ. ಆದರೆ ಬೀರುವಿನಲ್ಲಿ ವರ್ಷಗಟ್ಟಲೆ ವಿದ್ಯುತ್ ಇಲ್ಲದೆ ಇಡುವುದಕ್ಕೆ ಅದು ಮಾಡಿದ್ದಲ್ಲ. ಸುಮ್ನೆ ಎತ್ತಿಡುವ ಪ್ರತಿಗೆ ಮಾಮೂಲಿ ತಿರುಗುವ ಹಾರ್ಡ್ ಡಿಸ್ಕೇ ಅಗ್ಗ ಮತ್ತು ಸಾಕು. ಪೆನ್ ಡ್ರೈವ್ ಮಾತ್ರ ಈ ಕೆಲಸಕ್ಕೆ ಬೇಡ.

ಹಂತ 1: ಏನೇನು ಎಲ್ಲಿದೆ ಅಂತ ಹುಡುಕಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ದಯವಿಟ್ಟು ಹಾರಿಸಬೇಡಿ, ಒಂದು ಕಾಗದ ತಗೊಂಡು ಕೂತುಕೊಳ್ಳಿ.

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್, ಡೌನ್‌ಲೋಡ್ಸ್, ಈ ಐದು ಫೋಲ್ಡರ್ ಹೇಗೂ ಗೊತ್ತಿರುತ್ತದೆ. ಡಿ ಡ್ರೈವ್‌ನಲ್ಲಿ "ನ್ಯೂ ಫೋಲ್ಡರ್", "ನ್ಯೂ ಫೋಲ್ಡರ್ 2" ಅಂತ ಬಿದ್ದಿರುವುದನ್ನೂ ತೆರೆದು ನೋಡಿ. ಮುಖ್ಯವಾದದ್ದು ಅಲ್ಲೇ ಇರುತ್ತದೆ, ಅದೇನು ಶಾಪವೋ.

ಜನ ಸಾಮಾನ್ಯವಾಗಿ ಮರೆಯುವುದು ಇವು:

ಕನ್ನಡ ಫಾಂಟ್‌ಗಳು. ನುಡಿ, ಬರಹ, ಶ್ರೀಲಿಪಿಯಲ್ಲಿ ಹಳೆಯ ಪತ್ರ, ಲೇಖನ, ಪ್ರಶ್ನೆಪತ್ರಿಕೆ ಟೈಪ್ ಮಾಡಿದ್ದವರು ಇದನ್ನು ಗಮನವಿಟ್ಟು ಓದಿ. ಯೂನಿಕೋಡ್ (ಈಗ ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಪದ್ಧತಿ) ಬರುವ ಮುಂಚಿನ ಆ ಫೈಲ್‌ಗಳ ಒಳಗೆ ನಿಜಕ್ಕೂ ಇರುವುದು ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಅವುಗಳಿಗೆ ಕನ್ನಡದ ವೇಷ ಹಾಕಿ ತೋರಿಸುತ್ತದೆ. ಫೈಲ್ ಮಾತ್ರ ಉಳಿಸಿಕೊಂಡು ಫಾಂಟ್ ಬಿಟ್ಟರೆ, ನುಡಿಯ ಫೈಲ್ ಆದರೆ ಹೊಸ ಕಂಪ್ಯೂಟರ್‌ನಲ್ಲಿ "ಕನ್ನಡ" ಅನ್ನುವ ಪದ ಇರಬೇಕಾದ ಜಾಗದಲ್ಲಿ ಒಂದು ದೊಡ್ಡ ಪಿ, ತಲೆಯ ಮೇಲೆ ಗೆರೆ ಇರುವ ಎ, ಪಕ್ಕದಲ್ಲಿ ಬ್ರಿಟಿಷರ ಪೌಂಡ್ ಚಿಹ್ನೆ ಕಾಣುತ್ತದೆ. ಫೈಲ್ ಕೆಟ್ಟುಹೋಯಿತು ಅಂತ ಅಳಿಸಿ ಹಾಕಿದವರನ್ನು ನಾನು ನೋಡಿದ್ದೇನೆ. ಕೆಟ್ಟಿರಲಿಲ್ಲ, ಫಾಂಟ್ ಇರಲಿಲ್ಲ ಅಷ್ಟೇ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗೆ ಫಾಂಟ್ಸ್ ಅಂತ ಇದೆ. ನೀವು ಬಳಸಿದ ಕನ್ನಡ ಫಾಂಟ್‌ಗಳನ್ನು ಅಲ್ಲಿಂದ ಕಾಪಿ ಮಾಡಿ "ಕನ್ನಡ ಫಾಂಟ್" ಅಂತ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ತಂತ್ರಾಂಶದ ಇನ್‌ಸ್ಟಾಲ್ ಫೈಲ್ ಇದ್ದರೆ ಅದನ್ನೂ ಜೊತೆಗೆ ಹಾಕಿ.

ಟ್ಯಾಲಿ ಲೆಕ್ಕ. ಮನೆಯಲ್ಲೇ ಅಂಗಡಿ ಲೆಕ್ಕ ಬರೆಯುವವರ ಡೇಟಾ ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ. ಟ್ಯಾಲಿಯ ಒಳಗೇ ಬ್ಯಾಕಪ್ ಅಂತ ಆಯ್ಕೆ ಇದೆ, ಅದರಿಂದ ತೆಗೆದ ಫೈಲನ್ನು ಎಕ್ಸ್‌ಟರ್ನಲ್‌ಗೆ ಹಾಕಿ. ಟ್ಯಾಲಿ ತೆರೆದಿಟ್ಟುಕೊಂಡೇ ಅದರ ಡೇಟಾ ಫೋಲ್ಡರ್ ಕಾಪಿ ಮಾಡಲು ಹೋಗಬೇಡಿ.

ಬ್ರೌಸರ್ ಬುಕ್‌ಮಾರ್ಕ್. ಅದರ ಸೆಟ್ಟಿಂಗ್‌ನಲ್ಲೇ ಎಕ್ಸ್‌ಪೋರ್ಟ್ ಇದೆ. ಪಾಸ್‌ವರ್ಡ್‌ಗಳನ್ನೂ ಎಕ್ಸ್‌ಪೋರ್ಟ್ ಮಾಡಬಹುದು. ಆದರೆ ಆ ಫೈಲ್ ಬರೀ ಪಠ್ಯ, ಯಾರು ತೆರೆದರೂ ಎಲ್ಲ ಪಾಸ್‌ವರ್ಡ್ ಓದಬಹುದು. ಹಾಗಾಗಿ ಬೇಡ.

ಒನ್‌ಡ್ರೈವ್. ಇತ್ತೀಚಿನ ಲ್ಯಾಪ್‌ಟಾಪ್‌ಗಳಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎಲ್ಲ ನಿಮಗೆ ಹೇಳದೆ ಕೇಳದೆ ಒನ್‌ಡ್ರೈವ್ (ಇಂಟರ್‌ನೆಟ್‌ನಲ್ಲಿ ಫೈಲ್ ಇಡುವ ಮೈಕ್ರೋಸಾಫ್ಟ್‌ನ ಜಾಗ) ಫೋಲ್ಡರ್ ಒಳಗೆ ಹೋಗಿ ಕೂತಿರಬಹುದು. ಫೈಲ್ ಪಕ್ಕ ಮೋಡದ ಚಿತ್ರ ಕಾಣಿಸಿದರೆ ಆ ಫೈಲ್ ನಿಮ್ಮ ಕಂಪ್ಯೂಟರ್‌ನಲ್ಲಿ ಇಲ್ಲ, ಇಂಟರ್‌ನೆಟ್‌ನಲ್ಲಿದೆ, ಇಲ್ಲಿರುವುದು ಹೆಸರು ಮಾತ್ರ. ಆ ಫೋಲ್ಡರ್ ಮೇಲೆ ಮೌಸ್‌ನ ಬಲಗಡೆ ಗುಂಡಿ ಒತ್ತಿ "ಆಲ್‌ವೇಸ್ ಕೀಪ್ ಆನ್ ದಿಸ್ ಡಿವೈಸ್" ಆರಿಸಿ, ಎಲ್ಲ ಇಳಿಯುವವರೆಗೆ ಕಾಯಿರಿ. ಮೋಡ ಹೋಗಿ ಹಸಿರು ಗುರುತು ಬಂದ ಮೇಲೆ ಮುಂದಿನ ಕೆಲಸ.

ಹಂತ 2: ಡಿಸ್ಕ್ ಜೋಡಿಸಿ, ಫಾರ್ಮ್ಯಾಟ್ ನೋಡಿ

ಯುಎಸ್‌ಬಿ 3 ಇರುವ ಕಿಂಡಿಗೆ ಹಾಕಿ. ಸಾಮಾನ್ಯವಾಗಿ ಒಳಗೆ ನೀಲಿ ಬಣ್ಣ ಇರುತ್ತದೆ, ಎಲ್ಲದರಲ್ಲೂ ಅಲ್ಲ. ಹಳೆಯ ಯುಎಸ್‌ಬಿ 2ಕ್ಕೆ ಹಾಕಿದರೂ ಕೆಲಸ ನಡೆಯುತ್ತದೆ, ಆದರೆ ಸೆಕೆಂಡಿಗೆ 30 ಎಂಬಿ ಆಸುಪಾಸು ಹೋಗುತ್ತದೆ. ಯುಎಸ್‌ಬಿ 3ರಲ್ಲಿ ಅದೇ ಡಿಸ್ಕ್ 100 ಎಂಬಿ ದಾಟುತ್ತದೆ. 100 ಜಿಬಿ ಸಾಗಿಸಲು ಒಂದು ಗಂಟೆಯೋ, ಹದಿನೈದಿಪ್ಪತ್ತು ನಿಮಿಷವೋ ಅನ್ನುವುದು ಇದರಿಂದಲೇ. ಸಾವಿರಾರು ಚಿಕ್ಕ ಚಿಕ್ಕ ಫೈಲ್ ಇದ್ದರೆ ಇನ್ನೂ ನಿಧಾನ. ಡೆಸ್ಕ್‌ಟಾಪ್ ಕಂಪ್ಯೂಟರ್ ಆದರೆ ಮುಂದಿನ ಕಿಂಡಿಗಿಂತ ಹಿಂದಿನದು ವಾಸಿ. ಮುಂದಿನದಕ್ಕೆ ಕೆಲವೊಮ್ಮೆ ವಿದ್ಯುತ್ ಸಾಲದೆ ಡಿಸ್ಕ್ ಆಗಾಗ ಮಾಯವಾಗುತ್ತದೆ.

"ದಿಸ್ ಪಿಸಿ" ತೆರೆದರೆ ಹೊಸ ಡ್ರೈವ್ ಕಾಣುತ್ತದೆ. ಅದರ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ನೋಡಿ. "ಫೈಲ್ ಸಿಸ್ಟಮ್" ಅಂತ ಒಂದು ಸಾಲು ಇರುತ್ತದೆ. ಫೈಲ್‌ಗಳನ್ನು ಡಿಸ್ಕ್‌ನಲ್ಲಿ ಹೇಗೆ ಜೋಡಿಸಿಡಬೇಕು ಅನ್ನುವ ಪದ್ಧತಿ ಅದು. ಎನ್‌ಟಿಎಫ್‌ಎಸ್ ಇದ್ದರೆ ಸರಿ. ಮ್ಯಾಕ್‌ನಲ್ಲೂ ಇದೇ ಡಿಸ್ಕ್ ಬಳಸುವವರಿಗೆ ಎಕ್ಸ್‌ಫ್ಯಾಟ್. ಫ್ಯಾಟ್32 ಅಂತ ಇದ್ದರೆ ಮಾತ್ರ ಬದಲಾಯಿಸಿ, ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಯುವುದಿಲ್ಲ. ಮದುವೆ ವಿಡಿಯೋ ಹಾಕಲು ಹೋದರೆ ಡಿಸ್ಕ್ ಖಾಲಿ ಇದ್ದರೂ "ಫೈಲ್ ತುಂಬಾ ದೊಡ್ಡದು" ಅಂತ ಬರುವುದು ಇದಕ್ಕೇ.

ಬದಲಾಯಿಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು. ಎಚ್ಚರಿಕೆ, ಫಾರ್ಮ್ಯಾಟ್ ಅಂದರೆ ಡಿಸ್ಕ್‌ನಲ್ಲಿ ಇರುವುದೆಲ್ಲ ಹೋಗುತ್ತದೆ. ಹೊಸ ಖಾಲಿ ಡಿಸ್ಕ್ ಆದರೆ ಚಿಂತೆ ಇಲ್ಲ. ಹಳೆಯದಾದರೆ ಡ್ರೈವ್ ಹೆಸರು ಮತ್ತು ಗಾತ್ರ ಎರಡು ಸಲ ಓದಿ, ಬೇರೆ ಯಾವ ಪೆನ್ ಡ್ರೈವ್ ಕೂಡ ಸಿಕ್ಕಿಸಿಕೊಂಡಿರಬೇಡಿ.

ಇನ್ನೊಂದು ಬಲೆ. ಹಿಂದೆ ಬಳಸುತ್ತಿದ್ದ ಡಿಸ್ಕ್ ಹಾಕಿದ ತಕ್ಷಣ ವಿಂಡೋಸ್ "ಈ ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು" ಅಂತ ಕೇಳಿದರೆ, ಕ್ಯಾನ್ಸಲ್ ಒತ್ತಿ. ಆ ಡಿಸ್ಕ್ ಮ್ಯಾಕ್‌ನದ್ದಿರಬಹುದು, ಇಲ್ಲವೇ ಏನೋ ತೊಂದರೆಯಾಗಿರಬಹುದು. ಎರಡರಲ್ಲೂ ಒಳಗೆ ಡೇಟಾ ಇದ್ದೇ ಇರುವ ಸಾಧ್ಯತೆ ಜಾಸ್ತಿ. ಹಾಳಾದ ಡಿಸ್ಕ್‌ಗಳಿಗಿಂತ ಅವಸರದಲ್ಲಿ ಓಕೆ ಒತ್ತಿದ ಬೆರಳುಗಳೇ ಹೆಚ್ಚು ಫೋಟೋ ನುಂಗಿವೆ ಅಂತ ನನ್ನ ಅನುಮಾನ.

ಹಂತ 3: ಮೊದಲ ಪ್ರತಿ ಕೈಯಲ್ಲೇ ಮಾಡಿ

ತಾನಾಗಿ ಬ್ಯಾಕಪ್ ಮಾಡುವ ಸೌಲಭ್ಯ ಮುಂದೆ ಬರುತ್ತದೆ. ಆದರೂ ಮೊದಲ ಪ್ರತಿಯನ್ನು ಮಾಮೂಲಿ ಕಾಪಿ-ಪೇಸ್ಟ್‌ನಲ್ಲೇ ಮಾಡಿ ಅಂತ ನನ್ನ ಸಲಹೆ. ಯಾವ ತಂತ್ರಾಂಶವೂ ಇಲ್ಲದೆ ಯಾವ ಕಂಪ್ಯೂಟರ್‌ನಲ್ಲಾದರೂ ತೆರೆಯಬಹುದು, ಮನೆಯಲ್ಲಿ ಬೇರೆಯವರಿಗೂ ಅರ್ಥವಾಗುತ್ತದೆ.

ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಇವತ್ತಿನ ದಿನಾಂಕದ ಹೆಸರಲ್ಲಿ ಒಂದು ಫೋಲ್ಡರ್ ಮಾಡಿ. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ ಬರೆದರೆ ಫೋಲ್ಡರ್‌ಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಪಟ್ಟಿಯಲ್ಲಿರುವ ಒಂದೊಂದೇ ಫೋಲ್ಡರನ್ನು ಅದರೊಳಗೆ ಕಾಪಿ ಮಾಡಿ. ಕಟ್ ಬೇಡ, ಯಾವತ್ತೂ ಕಾಪಿ. ಕಟ್ ಮಾಡಿ ಸಾಗಿಸುವಾಗ ನಡುವೆ ಕರೆಂಟ್ ಹೋದರೆ ಅರ್ಧ ಅಲ್ಲಿ, ಅರ್ಧ ಇಲ್ಲಿ.

ಕರೆಂಟ್ ವಿಷಯ ಬಂತಲ್ಲ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಮಳೆಗಾಲದ ಸಂಜೆ ಈ ಕೆಲಸ ಶುರು ಮಾಡಬೇಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿ, ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಆಗದಂತೆ ಮಾಡಿ. ಕಾಪಿ ಆಗುತ್ತಿರುವಾಗ ಡಿಸ್ಕನ್ನು ಎತ್ತಬೇಡಿ, ಸರಿಸಬೇಡಿ. ಒಳಗೆ ತಟ್ಟೆ ತಿರುಗುತ್ತಿರುತ್ತದೆ, ಅದರ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಓದುವ ತಲೆ ಓಡಾಡುತ್ತಿರುತ್ತದೆ.

ನಡುವೆ "ಹೆಸರು ತುಂಬಾ ಉದ್ದ" ಅಂತ ನಿಂತರೆ ಗಾಬರಿ ಬೇಡ. ವಿಂಡೋಸ್‌ನಲ್ಲಿ ಫೋಲ್ಡರ್ ದಾರಿ ಮತ್ತು ಫೈಲ್ ಹೆಸರು ಎಲ್ಲ ಸೇರಿ ಸುಮಾರು 260 ಅಕ್ಷರ ಮೀರಬಾರದು ಅಂತ ಹಳೆಯ ಮಿತಿ ಇದೆ. ಕನ್ನಡದಲ್ಲಿ ಹೆಸರಿಟ್ಟವರಿಗೆ ಇದು ಬೇಗ ಎದುರಾಗುತ್ತದೆ. ನಮ್ಮ ಕಣ್ಣಿಗೆ ಒಂದೇ ಅಕ್ಷರವಾದ "ಸ್ತ್ರೀ" ಕಂಪ್ಯೂಟರ್ ಲೆಕ್ಕದಲ್ಲಿ 6: ಸ, ವಿರಾಮ (ಒತ್ತಕ್ಷರ ಜೋಡಿಸುವ ಗುರುತು), ತ, ವಿರಾಮ, ರ, ಈಕಾರ. "ಶ್ರೀ ಲಕ್ಷ್ಮೀವೆಂಕಟೇಶ್ವರ ಕಲ್ಯಾಣೋತ್ಸವದ ಫೋಟೋಗಳು" ಅಂತ ಫೋಲ್ಡರ್, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಇದ್ದರೆ ಮಿತಿ ಮುಗಿದೇ ಹೋಯಿತು. ಹೊರಗಿನ ಫೋಲ್ಡರ್ ಹೆಸರು ಚಿಕ್ಕದು ಮಾಡಿ ಮತ್ತೆ ಕಾಪಿ ಮಾಡಿ. ಸ್ಕಿಪ್ ಒತ್ತಿ ಮುಂದೆ ಹೋದರೆ ಯಾವುದು ಬಿಟ್ಟುಹೋಯಿತು ಅಂತ ಆಮೇಲೆ ನೆನಪಿರುವುದಿಲ್ಲ.

ಹಂತ 4: ತೆರೆದು ನೋಡಿ

ಕಾಪಿ ಮುಗಿಯಿತು ಅಂತ ಡಿಸ್ಕ್ ಎತ್ತಿಡಬೇಡಿ. ಮೂಲ ಫೋಲ್ಡರ್ ಮತ್ತು ಕಾಪಿ ಫೋಲ್ಡರ್ ಎರಡರ ಪ್ರಾಪರ್ಟೀಸ್ ಪಕ್ಕಪಕ್ಕ ತೆರೆಯಿರಿ. ಎಷ್ಟು ಫೈಲ್, ಎಷ್ಟು ಫೋಲ್ಡರ್, ಒಟ್ಟು ಗಾತ್ರ, ಮೂರೂ ಹೊಂದಬೇಕು. "ಸೈಜ್" ಅನ್ನುವುದನ್ನು ಹೋಲಿಸಿ, ಕೆಳಗಿನ "ಸೈಜ್ ಆನ್ ಡಿಸ್ಕ್" ಎರಡು ಡಿಸ್ಕ್‌ಗಳಲ್ಲಿ ಬೇರೆ ಬೇರೆ ಇರಬಹುದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಆಮೇಲೆ ಎಕ್ಸ್‌ಟರ್ನಲ್‌ನಿಂದಲೇ ಎಂಟು ಹತ್ತು ಫೈಲ್ ತೆರೆಯಿರಿ. ಒಂದು ಹಳೆಯ ಫೋಟೋ, ಒಂದು ವಿಡಿಯೋದ ಕೊನೆಯ ನಿಮಿಷ, ಒಂದು ಪಿಡಿಎಫ್. ಸಾಧ್ಯವಾದರೆ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ತೆರೆಯಿರಿ. ನುಡಿಯಲ್ಲಿ ಬರೆದ ಫೈಲ್ ಇದ್ದವರಿಗೆ ಫಾಂಟ್ ಪರೀಕ್ಷೆ ಆಗುವುದೂ ಅಲ್ಲೇ, ನಿಮ್ಮದೇ ಕಂಪ್ಯೂಟರ್‌ನಲ್ಲಿ ಅದು ಹೇಗೂ ಸರಿಯಾಗೇ ಕಾಣುತ್ತದೆ.

ಹಂತ 5: ಫೈಲ್ ಹಿಸ್ಟರಿ ಆನ್ ಮಾಡಿ

ಪ್ರತಿ ಸಲ ಕೈಯಲ್ಲಿ ಕಾಪಿ ಮಾಡುತ್ತೇನೆ ಅಂತ ಹೇಳುವವರು ಮೂರನೇ ತಿಂಗಳಿಗೆ ಬಿಡುತ್ತಾರೆ. ನಾನೂ ಬಿಟ್ಟಿದ್ದೇನೆ. ವಿಂಡೋಸ್ 8ರಿಂದ ಈಚೆಗೆ ಫೈಲ್ ಹಿಸ್ಟರಿ ಅಂತ ಉಚಿತ ಸೌಲಭ್ಯ ಒಳಗೇ ಇದೆ. ವಿಂಡೋಸ್ 11ರಲ್ಲಿ ಅದನ್ನು ಸೆಟ್ಟಿಂಗ್ಸ್‌ನಿಂದ ತೆಗೆದು ಹಳೆಯ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮಾತ್ರ ಬಿಟ್ಟಿದ್ದಾರೆ. ಸೆಟ್ಟಿಂಗ್ಸ್‌ನಲ್ಲಿ ಕಾಣುವ "ವಿಂಡೋಸ್ ಬ್ಯಾಕಪ್" ಒನ್‌ಡ್ರೈವ್‌ಗೆ ಕಳಿಸುವಂಥದ್ದು, ಅಲ್ಲಿ ಉಚಿತವಾಗಿ ಸಿಗುವುದು 5 ಜಿಬಿ. ಅದನ್ನು ನೋಡಿ ಗೊಂದಲ ಮಾಡಿಕೊಳ್ಳಬೇಡಿ.

ಡಿಸ್ಕ್ ಜೋಡಿಸಿ, ಕಂಟ್ರೋಲ್ ಪ್ಯಾನೆಲ್ ತೆರೆಯಿರಿ, ಸಿಸ್ಟಮ್ ಆ್ಯಂಡ್ ಸೆಕ್ಯೂರಿಟಿ, ಅದರೊಳಗೆ ಫೈಲ್ ಹಿಸ್ಟರಿ. ನಿಮ್ಮ ಡಿಸ್ಕ್ ಹೆಸರು ಕಾಣುತ್ತದೆ, "ಟರ್ನ್ ಆನ್" ಒತ್ತಿ. ಎಡಗಡೆ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಎರಡು ವಿಷಯ ಇದೆ. ಎಷ್ಟು ಹೊತ್ತಿಗೊಮ್ಮೆ ಉಳಿಸಬೇಕು (ಮೊದಲಿಗೆ ಗಂಟೆಗೊಮ್ಮೆ ಅಂತ ಇರುತ್ತದೆ, ಹಾಗೇ ಇರಲಿ), ಹಳೆಯ ಪ್ರತಿಗಳನ್ನು ಎಷ್ಟು ಕಾಲ ಇಡಬೇಕು. ಎರಡನೆಯದು "ಶಾಶ್ವತವಾಗಿ" ಅಂತ ಇರುತ್ತದೆ. ಡಿಸ್ಕ್ ತುಂಬಿ ನಿಲ್ಲಬಾರದು ಅಂದರೆ "ಜಾಗ ಬೇಕಾಗುವವರೆಗೆ" ಅಂತ ಬದಲಾಯಿಸಿ.

ಇದರ ಲಾಭ ಏನೆಂದರೆ ಹಳೆಯ ರೂಪಗಳೂ ಉಳಿಯುತ್ತವೆ. ಎಕ್ಸೆಲ್‌ನಲ್ಲಿ ತಪ್ಪಾಗಿ ಏನೋ ಅಳಿಸಿ ಸೇವ್ ಮಾಡಿಬಿಟ್ಟರೆ ನಿನ್ನೆಯ ಫೈಲ್ ಸಿಗುತ್ತದೆ. ಮಿತಿ ಏನೆಂದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್, ವಿಡಿಯೋಸ್ ಇಂಥವನ್ನೇ ನೋಡುತ್ತದೆ. ಡಿ ಡ್ರೈವ್‌ನ "ನ್ಯೂ ಫೋಲ್ಡರ್" ಅದಕ್ಕೆ ಕಾಣುವುದಿಲ್ಲ, ಫಾಂಟ್ ಕಾಣುವುದಿಲ್ಲ, ಮೋಡದ ಗುರುತಿರುವ ಫೈಲ್ ಕೂಡ. ಅವನ್ನೆಲ್ಲ ಡಾಕ್ಯುಮೆಂಟ್ಸ್ ಒಳಗೆ ತಂದಿಟ್ಟುಕೊಳ್ಳಿ, ಇಲ್ಲ ಕೈಯಲ್ಲೇ ಕಾಪಿ ಮಾಡಿ.

ಡಿಸ್ಕ್‌ನಲ್ಲಿ ಫೈಲ್‌ಹಿಸ್ಟರಿ ಎಂಬ ಹೆಸರಿನ ಫೋಲ್ಡರ್ ಬರುತ್ತದೆ. ಒಳಗಿನ ಪ್ರತಿ ಫೈಲ್ ಹೆಸರಿಗೆ ದಿನಾಂಕ, ಸಮಯ ಅಂಟಿಕೊಂಡಿರುತ್ತದೆ. ಆ ಸಮಯ ನಮ್ಮದಲ್ಲ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಏನನ್ನೂ ಅಳಿಸಬೇಡಿ, ಹೆಸರು ಬದಲಾಯಿಸಬೇಡಿ.

ಹಂತ 6: ತೆಗೆಯುವುದು, ಎತ್ತಿಡುವುದು

ಗಡಿಯಾರದ ಪಕ್ಕದ ಚಿಕ್ಕ ಯುಎಸ್‌ಬಿ ಚಿತ್ರ ಒತ್ತಿ ಎಜೆಕ್ಟ್ ಕೊಡಿ, ಅಂದರೆ "ಬರೆಯುವ ಕೆಲಸ ಮುಗಿಸಿಕೋ, ತೆಗೆಯುತ್ತೇನೆ" ಅಂತ ಹೇಳುವುದು. "ಬಳಕೆಯಲ್ಲಿದೆ" ಅಂದರೆ ತೆರೆದಿರುವ ಫೈಲ್, ಫೋಲ್ಡರ್ ಮುಚ್ಚಿ ಮತ್ತೆ ನೋಡಿ. ಆಗಲೂ ಆಗದಿದ್ದರೆ ಕಂಪ್ಯೂಟರ್ ಶಟ್‌ಡೌನ್ ಮಾಡಿ ತೆಗೆಯಿರಿ.

ತೆಗೆಯಲೇಬೇಕಾ, ಹಾಗೇ ಚುಚ್ಚಿಟ್ಟರೆ ಫೈಲ್ ಹಿಸ್ಟರಿ ತಾನಾಗಿ ಮಾಡಿಕೊಳ್ಳುತ್ತದಲ್ವಾ? ಮಾಡಿಕೊಳ್ಳುತ್ತದೆ. ಆದರೆ 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಹರಡಿದ್ದು ನೆನಪಿರಬಹುದು. ಅಂಥ ರಾನ್ಸಮ್‌ವೇರ್, ಅಂದರೆ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ, ಜೋಡಿಸಿರುವ ಎಕ್ಸ್‌ಟರ್ನಲ್ ಡಿಸ್ಕನ್ನೂ ಬಿಡುವುದಿಲ್ಲ. ಸಿಡಿಲು, ವೋಲ್ಟೇಜ್ ಏರಿಳಿತಕ್ಕೂ ಎರಡೂ ಒಟ್ಟಿಗೆ ಹೋಗಬಹುದು. ವಾರಕ್ಕೊಮ್ಮೆ ಎರಡು ಗಂಟೆ ಹಾಕಿಟ್ಟು ತೆಗೆಯಿರಿ, ಭಾನುವಾರ ಬೆಳಗ್ಗೆ ತಿಂಡಿ ಹೊತ್ತಿಗೆ ಅಂತ ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ. ಮತ್ತೆ ಹಾಕಿದಾಗ ಬಿಟ್ಟಲ್ಲಿಂದ ಅದೇ ಮುಂದುವರಿಸುತ್ತದೆ.

ಮಲೆನಾಡು, ಕರಾವಳಿಯವರು ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹೊಸ ಶೂ ಡಬ್ಬಿಯಲ್ಲಿ ಬರುತ್ತದಲ್ಲ, ಅದೇ. ಆಧಾರ್, ಪ್ಯಾನ್, ಬ್ಯಾಂಕ್ ಕಾಗದಗಳ ಸ್ಕ್ಯಾನ್ ಇದ್ದರೆ ಡಿಸ್ಕ್ ಸಿಕ್ಕವರೆಲ್ಲ ತೆರೆಯಬಹುದು ಅನ್ನುವುದೂ ನೆನಪಿರಲಿ. ವಿಂಡೋಸ್ ಪ್ರೊ ಇದ್ದರೆ ಬಿಟ್‌ಲಾಕರ್‌ನಿಂದ ಎಕ್ಸ್‌ಟರ್ನಲ್‌ಗೆ ಪಾಸ್‌ವರ್ಡ್ ಹಾಕಬಹುದು, ಹೋಮ್ ಇದ್ದವರಿಗೆ ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶ ಇದೆ. ಆದರೆ ಬಿಟ್‌ಲಾಕರ್‌ನಲ್ಲಿ ಪಾಸ್‌ವರ್ಡ್ ಮತ್ತು 48 ಅಂಕಿಯ ರಿಕವರಿ ಕೀ ಎರಡೂ ಕಳೆದರೆ, ವೆರಾಕ್ರಿಪ್ಟ್‌ನಲ್ಲಿ ಪಾಸ್‌ವರ್ಡ್ ಕಳೆದರೆ, ಯಾರಿಂದಲೂ ತೆರೆಯಲಾಗುವುದಿಲ್ಲ. ಕಾಗದದಲ್ಲಿ ಬರೆದು ಮನೆಪತ್ರಗಳ ಜೊತೆ ಇಡಿ.

ಇನ್ನು ಉಳಿದ ಚಿಲ್ಲರೆ ಪ್ರಶ್ನೆಗಳು

ಮ್ಯಾಕ್‌ನಲ್ಲಿ ಟೈಮ್ ಮಷೀನ್ ಇದೆ, 2007ರಿಂದಲೂ. ಡಿಸ್ಕ್ ಜೋಡಿಸಿ ಅದನ್ನು ಆರಿಸಿದರೆ ಸಾಕು, ಆದರೆ ಅದು ಡಿಸ್ಕನ್ನು ಅಳಿಸಿ ತನ್ನದು ಮಾಡಿಕೊಳ್ಳಬಹುದು, ಖಾಲಿ ಡಿಸ್ಕನ್ನೇ ಕೊಡಿ. ಉಬುಂಟು ಮುಂತಾದ ಲಿನಕ್ಸ್‌ನಲ್ಲಿ ದೇಜಾ ಡುಪ್ ಬಳಸಿ. ಟೈಮ್‌ಶಿಫ್ಟ್ ಸಿಸ್ಟಮ್ ಫೈಲ್‌ಗಳಿಗೆ, ನೀವಾಗಿ ಹೇಳದಿದ್ದರೆ ಅದು ನಿಮ್ಮ ಫೋಟೋ ಮುಟ್ಟುವುದಿಲ್ಲ.

ವಿಂಡೋಸ್ ಸಮೇತ ಇಡೀ ಕಂಪ್ಯೂಟರ್ ಬ್ಯಾಕಪ್ ಮಾಡಬೇಕಾ? ಅದಕ್ಕೆ ಸಿಸ್ಟಮ್ ಇಮೇಜ್ ಅಂತಾರೆ. ಮನೆ ಬಳಕೆಗೆ ಅಷ್ಟು ಅಗತ್ಯ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ವಿಂಡೋಸ್ ಮತ್ತೆ ಹಾಕಬಹುದು, ಮಗುವಿನ ಮೊದಲ ಹೆಜ್ಜೆಯ ವಿಡಿಯೋ ಮತ್ತೆ ತೆಗೆಯಲಾಗುವುದಿಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ನಿಂತಿದೆ, 11ಕ್ಕೆ ಹೋಗುವವರು ಮಾತ್ರ ಹೋಗುವ ಮುಂಚೆ ಒಂದು ಹೊಸ ಪ್ರತಿ ಮಾಡಿಕೊಳ್ಳಿ. ರಿಪೇರಿಗೆ ಕೊಡುವ ಮುಂಚೆಯೂ ಅಷ್ಟೇ, "ಡೇಟಾ ಏನೂ ಹೋಗಲ್ಲ ಸರ್" ಅಂದರೂ.

ಡಿಸ್ಕ್‌ನಿಂದ ಟಕ್ ಟಕ್ ಅಂತ ಒಂದೇ ಲಯದಲ್ಲಿ ಸದ್ದು ಬಂದರೆ ತಕ್ಷಣ ತೆಗೆಯಿರಿ. ಅದನ್ನೇ ಮತ್ತೆ ಮತ್ತೆ ಹಾಕಿ ನೋಡಿದಷ್ಟೂ ಒಳಗಿನ ತಟ್ಟೆಗೆ ಗೀರು ಬೀಳುತ್ತದೆ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಅಂತ ಹೇಳುವವರ ಮಾತು ಕೇಳಬೇಡಿ. ನಿಮ್ಮ ಕಂಪ್ಯೂಟರ್‌ನಲ್ಲಿ ಮೂಲ ಫೈಲ್ ಇದೆ ತಾನೇ, ಹೊಸ ಡಿಸ್ಕ್ ತಂದು ಹಂತ 3ರಿಂದ ಶುರು ಮಾಡಿ.

ಕೈಯಲ್ಲಿ ಮಾಡಿದ ದಿನಾಂಕದ ಫೋಲ್ಡರ್‌ಗಳನ್ನು ಆರು ತಿಂಗಳಿಗೊಮ್ಮೆ ಹೊಸದಾಗಿ ಮಾಡಿ, ಕೊನೆಯ ಎರಡನ್ನು ಇಟ್ಟುಕೊಂಡು ಹಳೆಯದನ್ನು ತೆಗೆಯಿರಿ. ಹಳೆಯ ಫೋಲ್ಡರ್ ಮೇಲೇ ಪೇಸ್ಟ್ ಮಾಡಿ "ರಿಪ್ಲೇಸ್" ಒತ್ತಬೇಡಿ, ಕೆಟ್ಟ ಫೈಲ್ ಒಳ್ಳೆಯದರ ಮೇಲೆ ಕೂರುವುದು ಹಾಗೇ. ಎರಡನೇ ಡಿಸ್ಕ್ ತಗೊಳ್ಳುವ ಶಕ್ತಿ ಇದ್ದರೆ ಒಂದನ್ನು ಊರಿನಲ್ಲಿ ಅಪ್ಪ ಅಮ್ಮನ ಮನೆಯಲ್ಲಿ ಇಡಿ, ಹಬ್ಬಕ್ಕೆ ಹೋದಾಗ ಅದಲು ಬದಲು ಮಾಡಿಕೊಂಡು ಬನ್ನಿ. ಡಿಸ್ಕ್ ಮೇಲೆ ಒಂದು ಚೀಟಿ ಅಂಟಿಸಿ, ಕೊನೆಯ ಸಲ ಯಾವತ್ತು ಕಾಪಿ ಮಾಡಿದ್ದು ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ, ಮುಂದಿನ ಸಲ ಅಳಿಸಿ ತಿದ್ದಬೇಕಲ್ಲ.